ಲೇಸನ್ ರೇಲ್ ಅಳಿದದ್ದೇಕೆ, ಗ್ವಾಮ್ ರೇಲ್ ಉಳಿದದ್ದೇಕೆ?

ಕೆರೆಯಂಚಿನ ಜೊಂಡಿನಿಂದ ಹೊರಬಂದು, ಮೋಟು ಬಾಲ ಕುಣಿಸುತ್ತ ನಾಲ್ಕು ಹೆಜ್ಜೆ ನಡೆದು, ಮನುಷ್ಯರ ಸುಳಿವು ಸಿಕ್ಕಿದ ಕೂಡಲೇ ಮತ್ತೆ ಪೊದೆಗೆ ನುಗ್ಗುವ ಹುಂಡುಕೋಳಿಯನ್ನು ಕರ್ನಾಟಕದ ಹಳ್ಳಿಗಳಲ್ಲಿ ನೋಡದವರು ಕಡಿಮೆ. ನೀರಿನ ನಡುವೆ ಗುಂಪಾಗಿ ತೇಲುವ ನಾಮದ ಕೋಳಿಯೂ ಅದೇ ಕುಟುಂಬದ್ದು. ವಿಜ್ಞಾನದಲ್ಲಿ ಈ ಕುಟುಂಬಕ್ಕೆ ರಾಲಿಡೇ ಎಂದು ಹೆಸರು, ಇದರ ಹಲವು ಸದಸ್ಯರನ್ನು ರೇಲ್ ಎನ್ನುತ್ತಾರೆ. ನಮ್ಮ ಕೆರೆಗಳಲ್ಲಿ ಇವುಗಳ ಪಾಡು ಸದ್ಯಕ್ಕೆ ಚೆನ್ನಾಗಿಯೇ ಇದೆ. ಸಾಗರದ ನಡುವಿನ ದ್ವೀಪಗಳ ಮಾತು ಬೇರೆ. ಮನುಷ್ಯ ಕಾಲಿಟ್ಟ ಮೇಲೆ ಪೆಸಿಫಿಕ್ ದ್ವೀಪಗಳಲ್ಲಿ ಅಳಿದ ರೇಲ್ ಪ್ರಭೇದಗಳು ನೂರಾರು ಎಂದು ಅಲ್ಲಿ ಸಿಕ್ಕಿದ ಮೂಳೆಗಳ ಆಧಾರದ ಮೇಲೆ ಅಂದಾಜಿಸಲಾಗಿದೆ. ಬೇರಾವ ಹಕ್ಕಿ ಕುಟುಂಬಕ್ಕೂ ಇಷ್ಟು ದೊಡ್ಡ ಪೆಟ್ಟು ಬಿದ್ದಂತಿಲ್ಲ.

ಆ ಪಟ್ಟಿಯಿಂದ ಎರಡು ಹಕ್ಕಿಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಹವಾಯಿ ದ್ವೀಪಸಾಲಿನ ವಾಯವ್ಯ ತುದಿಯ ಕಡೆ ಬದುಕಿದ್ದ ಲೇಸನ್ ರೇಲ್ 1944ರಲ್ಲಿ ಕೊನೆಯ ಸಲ ಕಂಡಿತು. ಗ್ವಾಮ್ ದ್ವೀಪದ ರೇಲ್ 1980ರ ದಶಕದಲ್ಲಿ ತನ್ನ ನೆಲದಿಂದ ಪೂರ್ತಿ ಕಾಣೆಯಾಯಿತು, ಆದರೂ ಇಂದು ಎರಡು ದ್ವೀಪಗಳಲ್ಲಿ ಓಡಾಡಿಕೊಂಡಿದೆ. ಎರಡೂ ಹಾರಲಾರದ ಹಕ್ಕಿಗಳು. ಎರಡನ್ನೂ ಮುಗಿಸಲು ಹೊರಟದ್ದು ಮನುಷ್ಯ ತಂದ ಪ್ರಾಣಿಗಳು. ಎರಡಕ್ಕೂ ತವರಿನ ಹೊರಗೆ ಇನ್ನೊಂದು ನೆಲೆ ಸಿಕ್ಕಿತ್ತು. ವಿಚಿತ್ರವೆಂದರೆ ಲೇಸನ್ ರೇಲ್‌ನ ತೊಂದರೆ ಸುಲಭವಾಗಿ ಬಗೆಹರಿಯುವಂಥದ್ದು, ಬಗೆಹರಿದೂ ಇತ್ತು. ಗ್ವಾಮ್ ರೇಲ್‌ನ ತೊಂದರೆ ಇವತ್ತಿಗೂ ಬಗೆಹರಿದಿಲ್ಲ. ಸುಲಭದ ಶತ್ರುವಿದ್ದ ಹಕ್ಕಿ ಸತ್ತು, ಕಷ್ಟದ ಶತ್ರುವಿದ್ದ ಹಕ್ಕಿ ಉಳಿದದ್ದು ಹೇಗೆ ಎಂಬುದೇ ಇಲ್ಲಿನ ಪ್ರಶ್ನೆ.

ರೆಕ್ಕೆ ಬಿಟ್ಟುಕೊಟ್ಟ ಕಾರಣ

ಹುಂಡುಕೋಳಿ ಹಾರುವುದನ್ನು ನೋಡಿದವರಿಗೆ ಅದು ಹಾರಾಟದಲ್ಲಿ ನುರಿತ ಹಕ್ಕಿ ಎಂದು ಅನಿಸುವುದಿಲ್ಲ. ಕಾಲು ಜೋತುಬಿಟ್ಟು ಹತ್ತು ಮಾರು ಹೋಗಿ ಬೀಳುತ್ತದೆ. ಆದರೆ ಇದೇ ಕುಟುಂಬದ ಹಲವು ಪ್ರಭೇದಗಳು ರಾತ್ರಿ ವಲಸೆಯಲ್ಲಿ ನೂರಾರು ಕಿಲೋಮೀಟರ್ ಹೋಗುತ್ತವೆ, ಗಾಳಿಗೆ ಸಿಕ್ಕಿ ದಾರಿ ತಪ್ಪುವುದೂ ಹೆಚ್ಚು. ಹೀಗೆ ದಾರಿ ತಪ್ಪಿದವು ಎಲ್ಲೋ ಒಂದು ಒಂಟಿ ದ್ವೀಪದಲ್ಲಿ ಇಳಿಯುತ್ತವೆ. ಕಂಡದ್ದೆಲ್ಲ ತಿನ್ನುವ ಸ್ವಭಾವದಿಂದಾಗಿ ಅಲ್ಲೇ ನೆಲೆ ನಿಲ್ಲುತ್ತವೆ. ಹುಳು, ಬಸವನಹುಳು, ಬೀಜ, ಸತ್ತ ಪ್ರಾಣಿ, ಬೇರೆ ಹಕ್ಕಿಯ ಮೊಟ್ಟೆ, ಯಾವುದೂ ಆಗಬಹುದು.

ಇಲಿ, ಬೆಕ್ಕು, ಹಾವು ಇಲ್ಲದ ನೆಲದಲ್ಲಿ ಹಾರಾಟ ದಂಡದ ಖರ್ಚು. ಹಾರಲು ಬೇಕಾದ ಎದೆಯ ಮಾಂಸಖಂಡ ಸುಮ್ಮನೆ ಕುಳಿತಾಗಲೂ ಶಕ್ತಿ ಸುಡುತ್ತದೆ. ಅದನ್ನು ಚಿಕ್ಕದಾಗಿಸಿಕೊಂಡ ಹಕ್ಕಿಗೆ ಕಡಿಮೆ ಆಹಾರ ಸಾಕು, ಬರಗಾಲದಲ್ಲಿ ಅದೇ ಉಳಿಯುತ್ತದೆ. ಮಾಂಸಖಂಡ ಕುಗ್ಗಿದಂತೆ ಅದು ಅಂಟಿಕೊಳ್ಳುವ ಎದೆಮೂಳೆಯ ಏಣೂ ತಗ್ಗುತ್ತದೆ, ರೆಕ್ಕೆ ಮೊಟಕಾಗುತ್ತದೆ, ಕಾಲು ದಪ್ಪವಾಗುತ್ತದೆ. ರೇಲ್ ಮರಿಗಳಲ್ಲಿ ಕಾಲು ಮೊದಲೇ ಬಲಿತು, ಎದೆ ಮತ್ತು ರೆಕ್ಕೆ ತೀರಾ ತಡವಾಗಿ ಬೆಳೆಯುತ್ತವೆ. ಆ ಕೊನೆಯ ಹಂತದ ಬೆಳವಣಿಗೆ ನಿಂತರೆ ಸಾಕು, ಹಾರದ ಹಕ್ಕಿ ಸಿದ್ಧ. ಹಾಗಾಗಿಯೇ ಈ ಬದಲಾವಣೆ ಮತ್ತೆ ಮತ್ತೆ, ಬೇರೆ ಬೇರೆ ದ್ವೀಪಗಳಲ್ಲಿ ಸ್ವತಂತ್ರವಾಗಿ ನಡೆದಿದೆ. ಹಿಂದೂ ಮಹಾಸಾಗರದ ಅಲ್ದಾಬ್ರಾ ಹವಳದ್ವೀಪದಲ್ಲಂತೂ ಎರಡು ಬಾರಿ ನಡೆಯಿತು. ಸುಮಾರು 1,36,000 ವರ್ಷಗಳ ಹಿಂದೆ ದ್ವೀಪ ಮುಳುಗಿ ಅಲ್ಲಿದ್ದ ಹಾರದ ರೇಲ್ ನಾಶವಾಯಿತು. ದ್ವೀಪ ಮತ್ತೆ ಮೇಲೆದ್ದಾಗ ಅದೇ ಮೂಲದ ಹಾರುವ ಹಕ್ಕಿ ಬಂದಿಳಿದು ಮತ್ತೆ ಹಾರಾಟ ಬಿಟ್ಟಿತು. ಆ ಸಂತತಿ ಈಗಲೂ ಇದೆ.

ಲೇಸನ್ ರೇಲ್‌ನ ಅತಿ ಹತ್ತಿರದ ನೆಂಟ ಬೈಲನ್ಸ್ ಕ್ರೇಕ್ ಎಂಬ ಪುಟ್ಟ ಜೌಗು ಹಕ್ಕಿ ಎಂದು ಡಿಎನ್‌ಎ ಅಧ್ಯಯನ ತೋರಿಸಿದೆ. ಅದು ಚಳಿಗಾಲದಲ್ಲಿ ಭಾರತಕ್ಕೂ ವಲಸೆ ಬರುತ್ತದೆ. ಗುಬ್ಬಿಗಿಂತ ತುಸುವೇ ದೊಡ್ಡದಾದ ಅದರ ಬಳಗ ಹವಾಯಿಯ ತುದಿವರೆಗೆ ಹೋಗಿ ನೆಲೆಸಿದ್ದನ್ನು ನೋಡಿದರೆ ಈ ಕುಟುಂಬದ ಅಲೆದಾಟದ ಅಂದಾಜು ಸಿಗುತ್ತದೆ. ಗ್ವಾಮ್ ರೇಲ್‌ನ ಮೂಲ ಬೇರೆ. ಫಿಲಿಪೀನ್ಸ್‌ನಿಂದ ಆಸ್ಟ್ರೇಲಿಯಾದವರೆಗೆ ಹರಡಿರುವ ಬಫ್-ಬ್ಯಾಂಡೆಡ್ ರೇಲ್‌ನ ಬಳಗದಿಂದ ಅದು ಬಂದಿದೆ.

ಹಾರಾಟ ಬಿಟ್ಟಾಗ ಇನ್ನೊಂದು ನಷ್ಟವೂ ಆಗುತ್ತದೆ, ಅದು ಮೂಳೆಯಲ್ಲಿ ಕಾಣುವುದಿಲ್ಲ. ಹೆದರಿಕೆಯೂ ಹೋಗುತ್ತದೆ. ಗೂಡು ನೆಲದ ಮೇಲೆ ಹುಲ್ಲಿನ ಮರೆಯಲ್ಲಿ. ಇಲಿ ಬಂದರೆ ಏನು ಮಾಡಬೇಕೆಂದು ತಾಯಿಗೆ ತಿಳಿಯದು. ಹಾರಲಾರದ್ದೇ ಸಾವಿಗೆ ಕಾರಣ ಎನ್ನುವುದು ರೂಢಿಯ ಮಾತು. ನೆಲದ ಗೂಡು ಮತ್ತು ಅರಿಯದ ಶತ್ರು ಸೇರಿದ್ದೇ ನಿಜವಾದ ಕಾರಣ ಎನ್ನುವುದು ಹೆಚ್ಚು ಸರಿ. ಗ್ವಾಮ್‌ನಲ್ಲಿ ಚೆನ್ನಾಗಿ ಹಾರುತ್ತಿದ್ದ ಹಕ್ಕಿಗಳೂ ಉಳಿಯಲಿಲ್ಲ.

ಲೇಸನ್: ಹಕ್ಕಿ ತಿನ್ನದ ಮೊಲ

ಲೇಸನ್ ಸುಮಾರು 4 ಚದರ ಕಿ.ಮೀ. ವಿಸ್ತೀರ್ಣದ ಮರಳು-ಹವಳದ ದ್ವೀಪ. ಹೊನೊಲುಲುವಿನಿಂದ ವಾಯವ್ಯಕ್ಕೆ ಸುಮಾರು 1,500 ಕಿ.ಮೀ. ನಡುವೆ ಸಮುದ್ರಕ್ಕಿಂತ ಉಪ್ಪಾದ ಒಂದು ಕೆರೆ, ಅದರ ದಡದಲ್ಲಿ ಮೋಡದಂತೆ ಏಳುವ ಉಪ್ಪುನೊಣ, ಸುತ್ತ ಗಂಟುಹುಲ್ಲು, ಲಕ್ಷಗಟ್ಟಲೆ ಕಡಲಹಕ್ಕಿ. ಸುಮಾರು 15 ಸೆಂ.ಮೀ. ಉದ್ದದ ಲೇಸನ್ ರೇಲ್ ಜಗತ್ತಿನಲ್ಲಿ ಇಲ್ಲಿ ಮಾತ್ರ ಇತ್ತು. ಹುಲ್ಲಿನ ಬುಡದಲ್ಲಿ ಪತಂಗ ಹಿಡಿಯುವುದು, ಕೆರೆದಡದಲ್ಲಿ ನೊಣ ಹಿಡಿಯುವುದು, ಸತ್ತ ಕಡಲಹಕ್ಕಿಯ ಮೇಲೆ ಕೂತ ಹುಳು ಹೆಕ್ಕುವುದು, ಒಡೆದ ಮೊಟ್ಟೆ ಸಿಕ್ಕರೆ ಬಿಡದಿರುವುದು ಅದರ ದಿನಚರಿ. ಮನುಷ್ಯರ ಕಾಲ ಬಳಿ ಓಡಾಡಿ ಮನೆಯೊಳಗೂ ಬರುತ್ತಿತ್ತು. 1892ರಲ್ಲಿ ವಿಜ್ಞಾನ ಅದಕ್ಕೆ ಹೆಸರಿಟ್ಟಿತು.

ಆ ಕಾಲಕ್ಕೆ ಲೇಸನ್‌ನಲ್ಲಿ ಕಡಲಹಕ್ಕಿಗಳ ಹಿಕ್ಕೆಯಿಂದಾದ ಗ್ವಾನೊ ಗೊಬ್ಬರದ ಗಣಿಗಾರಿಕೆ ನಡೆಯುತ್ತಿತ್ತು. ಅದರ ಉಸ್ತುವಾರಿ ನೋಡುತ್ತಿದ್ದ ಮ್ಯಾಕ್ಸ್ ಶ್ಲೆಮರ್ 1903ರಲ್ಲಿ ಮಾಂಸಕ್ಕೆಂದು ಮೊಲ ತಂದು ಬಿಟ್ಟರು. ಮೊಲಕ್ಕೆ ಅಲ್ಲಿ ಶತ್ರುವಿಲ್ಲ, ಮೇವು ಬೇಕಾದಷ್ಟು. 1909ರಲ್ಲಿ ದ್ವೀಪಸಾಲನ್ನು ಪಕ್ಷಿಧಾಮವೆಂದು ಅಮೆರಿಕ ಸರ್ಕಾರ ಘೋಷಿಸಿತಾದರೂ ಮೊಲಗಳಿಗೆ ಆ ಆದೇಶ ತಿಳಿಯುವಂತಿರಲಿಲ್ಲ. 1923ರ ವೇಳೆಗೆ ದ್ವೀಪದ 26 ಸಸ್ಯ ಪ್ರಭೇದಗಳಲ್ಲಿ 22 ಕಾಣೆಯಾಗಿದ್ದವು.

ಮೊಲ ಒಂದು ಹಕ್ಕಿಯನ್ನೂ ಕಚ್ಚಲಿಲ್ಲ ಎಂಬುದನ್ನು ಗಮನಿಸಬೇಕು. ಅದು ಕೊಂದದ್ದು ಬುಡದಿಂದ. ಹುಲ್ಲು ಹೋಯಿತು, ಗೂಡಿಗೆ ಮರೆ ಇಲ್ಲವಾಯಿತು. ಎಲೆ ಹೋಯಿತು, ಪತಂಗದ ಹುಳು ಹೋಯಿತು. ಬೇರು ಸತ್ತು ಮರಳು ಹಾರತೊಡಗಿತು, ಕೆರೆಗೂ ಗೂಡಿಗೂ ಮರಳು ತುಂಬಿತು. ಇಂಥ ಸಾವಿನಲ್ಲಿ ಶತ್ರುವನ್ನು ತೆಗೆದರೆ ನೆಲ ತನ್ನಷ್ಟಕ್ಕೆ ಗುಣವಾಗುತ್ತದೆ, ಬೀಜವಿದ್ದರೆ ಗಿಡ ಬರುತ್ತದೆ, ಗಿಡ ಬಂದರೆ ಹುಳು ಬರುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1923ರಲ್ಲಿ ಅಲೆಕ್ಸಾಂಡರ್ ವೆಟ್‌ಮೋರ್ ನೇತೃತ್ವದಲ್ಲಿ ಟ್ಯಾನೇಜರ್ ಎಂಬ ಹಡಗಿನಲ್ಲಿ ಹೊರಟ ವಿಜ್ಞಾನಿಗಳ ತಂಡ ಲೇಸನ್ ತಲುಪಿದಾಗ ಕಂಡದ್ದು ಮರಳುಗಾಡು. ರೇಲ್ ಎರಡೇ ಎರಡು ಉಳಿದಿದ್ದವು. ಲೇಸನ್‌ನ ಹನಿಕ್ರೀಪರ್ ಎಂಬ ಪುಟ್ಟ ಹಕ್ಕಿ ಮೂರು ಇದ್ದವು, ತಂಡ ಅಲ್ಲಿರುವಾಗಲೇ ಬೀಸಿದ ಬಿರುಗಾಳಿ ಅವನ್ನು ಮುಗಿಸಿತು. ತಂಡದವರು ಉಳಿದ ಮೊಲಗಳನ್ನೆಲ್ಲ ಕೊಂದು ಮುಗಿಸಿದರು. ಸಣ್ಣ ದ್ವೀಪ, ಅಡಗಲು ಪೊದೆಯಿಲ್ಲ, ಮೊಲ ಹಗಲೂ ಕಣ್ಣಿಗೆ ಬೀಳುವ ಪ್ರಾಣಿ, ಕೈಯಲ್ಲಿ ಬಂದೂಕು. ಹೊರಗಿನಿಂದ ಬಂದ ಪ್ರಾಣಿಯನ್ನು ದ್ವೀಪದಿಂದ ನಿರ್ಮೂಲ ಮಾಡಲು ಇದಕ್ಕಿಂತ ಅನುಕೂಲದ ಪರಿಸ್ಥಿತಿ ಸಿಗುವುದು ಅಪರೂಪ.

ಮಿಡ್‌ವೇಯಲ್ಲಿ ಉಳಿದಿದ್ದ ಬೀಜ

ಆ ಹೊತ್ತಿಗೆ ಲೇಸನ್ ರೇಲ್ ಇನ್ನೊಂದು ಕಡೆ ಸುಖವಾಗಿತ್ತು. 1891ರಲ್ಲೇ ಕೆಲವು ಹಕ್ಕಿಗಳನ್ನು ಸುಮಾರು 600 ಕಿ.ಮೀ. ದೂರದ ಮಿಡ್‌ವೇ ಹವಳದ್ವೀಪಕ್ಕೆ ಒಯ್ದು ಬಿಟ್ಟಿದ್ದರು. ಯೋಜನೆ, ಪಂಜರ ಸಾಕಣೆ, ಆರೋಗ್ಯ ತಪಾಸಣೆ ಯಾವುದೂ ಇರಲಿಲ್ಲ. ಆದರೂ ಹಕ್ಕಿ ಅಲ್ಲಿ ಬೇರೂರಿ ಹೆಚ್ಚಿತು. ರೈತ ಬಿತ್ತನೆಗೆಂದು ಬೇರೆ ಮಡಕೆಯಲ್ಲಿ ತೆಗೆದಿಟ್ಟ ಬೀಜದಂತೆ ಈ ಸಂತತಿ ಇತ್ತು.

ಲೇಸನ್‌ನಲ್ಲಿ ಮೊಲ ಹೋದ ಮೇಲೆ ಹಸಿರು ಮರಳಿತು. 1930ರ ದಶಕದಿಂದ 1943ರವರೆಗೆ ನೆಲ ಸಿದ್ಧವಿತ್ತು, ಹಕ್ಕಿಯೂ ಸಿದ್ಧವಿತ್ತು, ಎರಡೂ ಒಂದೇ ಸರ್ಕಾರದ ಕೈಯಲ್ಲಿದ್ದವು. ಇಪ್ಪತ್ತೋ ಮೂವತ್ತೋ ಹಕ್ಕಿಗಳನ್ನು ಬುಟ್ಟಿಯಲ್ಲಿಟ್ಟು ಹಡಗಿಗೆ ಹತ್ತಿಸಿದ್ದರೆ ಸಾಕಿತ್ತು. ಅದನ್ನು ಯಾರೂ ಮಾಡಲಿಲ್ಲ. ಮಿಡ್‌ವೇಯಲ್ಲಿ ಬೇಕಾದಷ್ಟಿವೆ ಎಂಬ ನೆಮ್ಮದಿಯೇ ಅಡ್ಡ ಬಂದಿರಬೇಕು. ಅಪಾಯದಲ್ಲಿರುವ ಹಕ್ಕಿಯ ಎರಡನೆಯ ನೆಲೆ ಚೆನ್ನಾಗಿದ್ದಾಗಲೇ ಮೊದಲ ನೆಲೆಗೆ ಮರಳಿಸುವ ಕೆಲಸ ಆಗಬೇಕು. ಸಾಮಾನ್ಯವಾಗಿ ಆಗುವುದು ಉಲ್ಟಾ.

ಮಿಡ್‌ವೇ ಯುದ್ಧನೆಲೆಯಾಯಿತು. 1943ರಲ್ಲಿ ನೌಕಾಪಡೆಯ ದೋಣಿಯೊಂದರಿಂದ ಇಲಿಗಳು ದಡ ಸೇರಿದವು. 1944ರ ಜೂನ್‌ನಲ್ಲಿ ಮಿಡ್‌ವೇಯದೇ ಭಾಗವಾದ ಈಸ್ಟರ್ನ್ ದ್ವೀಪದಲ್ಲಿ ಕಂಡದ್ದೇ ಲೇಸನ್ ರೇಲ್‌ನ ಕೊನೆಯ ದರ್ಶನ. ಇಪ್ಪತ್ತು ವರ್ಷದಲ್ಲಿ ಮೊಲ ಲೇಸನ್‌ನಲ್ಲಿ ಮಾಡಿದ ಕೆಲಸವನ್ನು ಇಲಿ ಮಿಡ್‌ವೇಯಲ್ಲಿ ಒಂದೂವರೆ ವರ್ಷದೊಳಗೆ ಮುಗಿಸಿತು. ನೆಲದ ಮೊಟ್ಟೆಗೂ ಮರಿಗೂ ಇಲಿ ಎಷ್ಟು ಮಾರಕ ಎಂಬುದಕ್ಕೆ ಇಷ್ಟು ಸ್ಪಷ್ಟ ಪುರಾವೆ ಬೇರೆಡೆ ಸಿಗುವುದು ಕಷ್ಟ.

ಇದೇ ಕತೆಯಲ್ಲಿ ಇನ್ನೊಂದು ಹಕ್ಕಿಯಿದೆ. ಲೇಸನ್ ಫಿಂಚ್ ಎಂಬ ದಪ್ಪ ಕೊಕ್ಕಿನ ಹಕ್ಕಿಯನ್ನೂ ಮಿಡ್‌ವೇಗೆ ಒಯ್ದಿದ್ದರು, ಅಲ್ಲಿ ಅದನ್ನೂ ಇಲಿಗಳು ಮುಗಿಸಿದವು. ಆದರೆ ಸಿಕ್ಕಿದ್ದನ್ನು ತಿಂದು ಅದು ಲೇಸನ್‌ನ ಮೊಲದ ಕಾಲವನ್ನು ದಾಟಿತ್ತು. ಆದ್ದರಿಂದ ಇಂದಿಗೂ ಇದೆ. ಇಬ್ಬರಿಗೂ ಎರಡೆರಡು ನೆಲೆಯಿದ್ದವು, ಒಂದಕ್ಕೆ ಒಂದು ಉಳಿಯಿತು, ಇನ್ನೊಂದಕ್ಕೆ ಎರಡೂ ಹೋದವು. ಮಿಡ್‌ವೇಯ ಇಲಿಗಳನ್ನು ಪೂರ್ತಿ ತೆಗೆದದ್ದು 1990ರ ದಶಕದಲ್ಲಿ. 2004 ಮತ್ತು 2005ರಲ್ಲಿ ಲೇಸನ್‌ನಿಂದ 42 ಲೇಸನ್ ಬಾತುಗಳನ್ನು ಅಲ್ಲಿಗೆ ಒಯ್ದು ಬಿಟ್ಟರು, ಅವು ಚೆನ್ನಾಗಿ ಹೆಚ್ಚಿದವು. ರೇಲ್‌ಗೆ ಬೇಕಿದ್ದ ಎರಡು ದ್ವೀಪಗಳೂ ಈಗ ತಕ್ಕಮಟ್ಟಿಗೆ ಸುರಕ್ಷಿತ. ರೇಲ್ ಇಲ್ಲ.

ಗ್ವಾಮ್: ಮರಿಗಳೇ ಬಾರದ ವರ್ಷಗಳು

ಗ್ವಾಮ್ ಪಶ್ಚಿಮ ಪೆಸಿಫಿಕ್‌ನಲ್ಲಿ ಅಮೆರಿಕದ ಆಡಳಿತಕ್ಕೆ ಸೇರಿದ, ಸುಮಾರು 540 ಚದರ ಕಿ.ಮೀ.ನ ದ್ವೀಪ. ಲೇಸನ್‌ಗಿಂತ ನೂರು ಪಟ್ಟಿಗೂ ದೊಡ್ಡದು. ಅಲ್ಲಿನ ಚಮೊರೊ ಜನ ಈ ರೇಲ್ ಅನ್ನು ಕೊಕೊ ಎನ್ನುತ್ತಾರೆ. ಸುಮಾರು 28 ಸೆಂ.ಮೀ. ಉದ್ದ, 200ರಿಂದ 250 ಗ್ರಾಂ ತೂಕ, ಕಂದು ಬೆನ್ನು, ಎದೆಯಲ್ಲಿ ಕಪ್ಪು-ಬಿಳಿ ಅಡ್ಡಪಟ್ಟೆ, ಕಣ್ಣಿನ ಮೇಲೆ ಬೂದು ಹುಬ್ಬುಗೆರೆ. ಜೌಗಿಗೆ ಅಂಟಿಕೊಂಡ ಹಕ್ಕಿಯಲ್ಲ. ಕುರುಚಲು, ಹುಲ್ಲುಗಾವಲು, ಹೊಲದಂಚು ಅದಕ್ಕೆ ಇಷ್ಟ. 1960ರ ದಶಕದವರೆಗೂ ರಸ್ತೆ ಬದಿಯಲ್ಲಿ ಸಾಮಾನ್ಯವಾಗಿ ಕಾಣುತ್ತಿತ್ತು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪಪುವಾ ನ್ಯೂಗಿನಿಯ ಮಾನುಸ್ ದ್ವೀಪದ ಕಡೆಯಿಂದ ಬಂದ ಸೇನಾ ಸರಕಿನಲ್ಲಿ ಕಂದು ಮರಹಾವು ಗ್ವಾಮ್ ಬಂದರಿಗೆ ಇಳಿಯಿತು. ಇದು ಬೊಯಿಗಾ ಕುಲದ್ದು. ನಮ್ಮಲ್ಲಿ ಕ್ಯಾಟ್ ಸ್ನೇಕ್ ಎಂದು ಗುರುತಿಸುವ, ದೊಡ್ಡ ಕಣ್ಣಿನ, ರಾತ್ರಿ ಮರವೇರುವ ಹಾವುಗಳೂ ಅದೇ ಕುಲ. ಗ್ವಾಮ್‌ನಲ್ಲಿ ಅದುವರೆಗೆ ಎರೆಹುಳದಷ್ಟು ದಪ್ಪದ ಕುರುಡು ಹಾವು ಬಿಟ್ಟರೆ ಬೇರೆ ಹಾವಿರಲಿಲ್ಲ. ಅಲ್ಲಿನ ಹಕ್ಕಿಗಳಿಗೆ ರಾತ್ರಿ ಗೂಡಿಗೆ ನುಗ್ಗುವ ಶತ್ರುವಿನ ಪರಿಚಯವೇ ಇರಲಿಲ್ಲ.

ಹಕ್ಕಿಗಳು ಮೊದಲು ದ್ವೀಪದ ದಕ್ಷಿಣದಲ್ಲಿ ಕಾಣೆಯಾದವು, ವರ್ಷ ಕಳೆದಂತೆ ಉತ್ತರಕ್ಕೆ. ಕೀಟನಾಶಕ ಎಂದರು, ರೋಗ ಎಂದರು. ಜೂಲಿ ಸ್ಯಾವಿಜ್ ಎಂಬ ಸಂಶೋಧಕಿ ಈ ಸಾಧ್ಯತೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕೀಟನಾಶಕದ ಶೇಷ ಹಕ್ಕಿ ಸಾಯುವಷ್ಟು ಇರಲಿಲ್ಲ, ರೋಗದ ಕುರುಹು ಸಿಗಲಿಲ್ಲ. ಹಾವು ಹರಡಿದ ಕ್ರಮಕ್ಕೂ ಹಕ್ಕಿ ಅಳಿದ ಕ್ರಮಕ್ಕೂ ತಾಳೆ ಬಿತ್ತು. ಬೋನಿನಲ್ಲಿ ಸಣ್ಣ ಹಕ್ಕಿ ಇಟ್ಟು ನೋಡಿದಾಗ ಹಾವಿರುವ ಕಡೆ ಅವು ಬೇಗ ಬಲಿಯಾದವು. 1987ರಲ್ಲಿ ಪ್ರಕಟವಾದ ಈ ಕೆಲಸ ಒಪ್ಪಿಗೆ ಪಡೆಯುವ ಹೊತ್ತಿಗೆ ಗ್ವಾಮ್‌ನ ಬಹುತೇಕ ಕಾಡುಹಕ್ಕಿಗಳು ಹೋಗಿದ್ದವು.

ಇಲ್ಲಿ ಎರಡು ವಿಷಯ ಬಿಡಿಸಿ ಹೇಳಬೇಕು. ಮೊದಲನೆಯದು, ಹಕ್ಕಿ ತೀರಿದ ಮೇಲೆ ಹಾವು ಹಸಿದು ಸಾಯಬೇಕಿತ್ತಲ್ಲ? ಸಾಯಲಿಲ್ಲ, ಏಕೆಂದರೆ ಅದರ ನಿತ್ಯದ ಊಟ ಹಕ್ಕಿಯಲ್ಲ, ಹಲ್ಲಿ ಮತ್ತು ಹಾವುರಾಣಿ. ಅವು ಬೇಗ ಮರಿ ಮಾಡುತ್ತವೆ, ಸಂಖ್ಯೆ ಕುಗ್ಗುವುದಿಲ್ಲ. ಹಲ್ಲಿಯ ಆಸರೆಯಿಂದ ಹಾವಿನ ಸಂಖ್ಯೆ ಮೇಲೇ ಉಳಿಯುತ್ತದೆ, ಅಪರೂಪವಾದ ಹಕ್ಕಿಯ ಕೊನೆಯ ಗೂಡೂ ಅದರ ಬಾಯಿಗೆ ಬೀಳುತ್ತದೆ. ಬೇಟೆ ಕಡಿಮೆಯಾದರೆ ಬೇಟೆಗಾರನೂ ಕಡಿಮೆಯಾಗುತ್ತಾನೆ ಎಂಬ ಪಾಠಪುಸ್ತಕದ ಸಮತೋಲನ ಇಲ್ಲಿ ಕೆಲಸ ಮಾಡುವುದಿಲ್ಲ.

ಎರಡನೆಯದು, ಎಣಿಕೆಯ ಮೋಸ. ಬೆಳೆದ ಗ್ವಾಮ್ ರೇಲ್ ಗಟ್ಟಿ ಹಕ್ಕಿ, ಹಾವು ಅದನ್ನು ಸುಲಭವಾಗಿ ನುಂಗಲಾರದು. ನುಂಗುವುದು ಮೊಟ್ಟೆಯನ್ನು, ಮರಿಯನ್ನು. ಹಾಗಾಗಿ ಮರಿಯೇ ಬದುಕದ ಕಡೆಯಲ್ಲೂ ದೊಡ್ಡ ಹಕ್ಕಿಗಳು ಕೆಲವು ವರ್ಷ ಕೂಗುತ್ತಲೇ ಇರುತ್ತವೆ, ಗಣತಿಗೆ ಹೋದವರು ಹಕ್ಕಿ ಇದೆ ಎಂದು ಬರೆದುಕೊಳ್ಳುತ್ತಾರೆ. ಆ ತಲೆಮಾರು ಮುದಿಯಾಗಿ ಒಟ್ಟಿಗೆ ಸಾಯತೊಡಗಿದಾಗ ಸಂಖ್ಯೆ ಒಮ್ಮೆಲೇ ಕುಸಿಯುತ್ತದೆ. 1980ರ ದಶಕದ ಆರಂಭದಲ್ಲಿ ಸಾವಿರಗಟ್ಟಲೆ ಎಂದು ಅಂದಾಜಿಸಿದ್ದ ಹಕ್ಕಿ ದಶಕ ಮುಗಿಯುವ ಮೊದಲೇ ಕಾಡಿನಲ್ಲಿ ಒಂದೂ ಇರಲಿಲ್ಲ. ದ್ವೀಪದ ಹಕ್ಕಿಗಳನ್ನು ಎಣಿಸುವವರು ವಯಸ್ಕರ ಲೆಕ್ಕದ ಜೊತೆಗೆ ಆ ವರ್ಷದ ಮರಿಗಳ ಲೆಕ್ಕವನ್ನೂ ಬೇರೆಯಾಗಿ ಇಡುವುದು ಇದಕ್ಕಾಗಿಯೇ.

ಕಾರಣ ತಿಳಿಯುವ ಮೊದಲೇ ಹಿಡಿದರು

ಗ್ವಾಮ್‌ನ ವನ್ಯಜೀವಿ ಇಲಾಖೆಯಲ್ಲಿದ್ದ ಬಾಬ್ ಬೆಕ್ ಮತ್ತು ಅವರ ಜೊತೆಗಾರರು ಹಾವೇ ಕಾರಣ ಎಂಬ ತೀರ್ಪು ಬರುವವರೆಗೆ ಕಾಯಲಿಲ್ಲ. 1983-84ರ ಸುಮಾರಿಗೆ ದ್ವೀಪದ ಉತ್ತರದಲ್ಲಿ ಉಳಿದಿದ್ದ ಹಕ್ಕಿಗಳಲ್ಲಿ ಇಪ್ಪತ್ತರ ಆಸುಪಾಸು ಹಿಡಿದು ಪಂಜರಕ್ಕೆ ತಂದರು. ಗ್ವಾಮ್‌ನಲ್ಲೇ ಒಂದು ಸಾಕಣೆ ಕೇಂದ್ರ, ಜೊತೆಗೆ ಅಮೆರಿಕದ ಮೃಗಾಲಯಗಳಲ್ಲಿ ಹಂಚಿಕೆ. ಅದೇ ದ್ವೀಪದ ಗ್ವಾಮ್ ಫ್ಲೈಕ್ಯಾಚರ್‌ಗೆ ಈ ಭಾಗ್ಯ ಸಿಗಲಿಲ್ಲ, ಅದು ಅದೇ ವರ್ಷಗಳಲ್ಲಿ ಶಾಶ್ವತವಾಗಿ ಹೋಯಿತು. ನನ್ನ ದೃಷ್ಟಿಯಲ್ಲಿ ಲೇಸನ್ ಮತ್ತು ಗ್ವಾಮ್ ನಡುವಿನ ದೊಡ್ಡ ವ್ಯತ್ಯಾಸ ಇದೇ. ಗ್ವಾಮ್‌ನಲ್ಲಿ ಹಕ್ಕಿಯನ್ನು ಮೊದಲು ಭದ್ರ ಮಾಡಿದರು, ಕಾರಣದ ಚರ್ಚೆ ಆಮೇಲೆ ನಡೆಯಿತು. ಲೇಸನ್‌ನಲ್ಲಿ ಕಾರಣ ಸ್ಪಷ್ಟವಿತ್ತು, ಪರಿಹಾರವೂ ಆಗಿತ್ತು, ಹಕ್ಕಿಯನ್ನು ನೋಡಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ.

ಇಪ್ಪತ್ತು ಹಕ್ಕಿ ಸಾಕೇ? ವಂಶವಾಹಿ ವೈವಿಧ್ಯದ ಲೆಕ್ಕ ಸರಳ. ಸಂಬಂಧವಿಲ್ಲದ ಎರಡು ಹಕ್ಕಿಗಳಿಂದ ಶುರು ಮಾಡಿದರೆ ಮೂಲ ವೈವಿಧ್ಯದ ಶೇ. 75 ಮುಂದಿನ ಪೀಳಿಗೆಗೆ ಬರುತ್ತದೆ, ಹತ್ತರಿಂದ ಶೇ. 95, ಇಪ್ಪತ್ತರಿಂದ ಶೇ. 97.5. ಹತ್ತು ದಾಟಿದ ಮೇಲೆ ಹೆಚ್ಚುವರಿ ಹಕ್ಕಿಯಿಂದ ಸಿಗುವ ಲಾಭ ಕಡಿಮೆ. ಕಾಗದದ ಮೇಲೆ ಇಪ್ಪತ್ತು ಧಾರಾಳ. ವ್ಯವಹಾರದಲ್ಲಿ ಹಾಗಲ್ಲ, ಏಕೆಂದರೆ ತಂದ ಎಲ್ಲವೂ ಮರಿ ಮಾಡುವುದಿಲ್ಲ, ಒಂದೆರಡು ಜೋಡಿ ಮಾತ್ರ ಪದೇ ಪದೇ ಮೊಟ್ಟೆಯಿಟ್ಟು ಅವುಗಳ ರಕ್ತವೇ ತುಂಬಿಕೊಳ್ಳುತ್ತದೆ. ಅದಕ್ಕಾಗಿ ವಂಶಾವಳಿ ದಾಖಲೆ ಇಟ್ಟು, ಯಾವ ಹಕ್ಕಿಗೆ ನೆಂಟರು ಕಡಿಮೆಯೋ ಅದಕ್ಕೆ ಮೊದಲ ಅವಕಾಶ ಕೊಟ್ಟು, ಚೆನ್ನಾಗಿ ಮರಿ ಮಾಡುವ ಜೋಡಿಯನ್ನು ಬೇಕೆಂದೇ ತಡೆಯಬೇಕಾಗುತ್ತದೆ.

ಗ್ವಾಮ್ ರೇಲ್‌ನ ಸ್ವಭಾವ ಈ ಕೆಲಸಕ್ಕೆ ಒಂದು ಕಡೆ ಸಹಾಯ, ಇನ್ನೊಂದು ಕಡೆ ತೊಡಕು. ವರ್ಷವಿಡೀ ಮೊಟ್ಟೆಯಿಡುತ್ತದೆ, ಒಂದು ಬಾರಿಗೆ ಸಾಮಾನ್ಯವಾಗಿ ಮೂರು-ನಾಲ್ಕು. ಸುಮಾರು 19 ದಿನ ಕಾವು, ತಂದೆತಾಯಿ ಇಬ್ಬರೂ ಕೂರುತ್ತವೆ. ಕಪ್ಪು ನವಿರಿನ ಮರಿಗಳು ಒಂದು ದಿನದೊಳಗೆ ಗೂಡು ಬಿಟ್ಟು ಹಿಂದೆ ಓಡುತ್ತವೆ, ಕೆಲವೇ ತಿಂಗಳಲ್ಲಿ ಪ್ರಾಯಕ್ಕೆ ಬರುತ್ತವೆ. ತೊಡಕೆಂದರೆ ಜಗಳ. ತನ್ನ ಜಾಗದ ಬಗ್ಗೆ ಬಹಳ ಹಟದ ಹಕ್ಕಿ ಇದು, ಒಗ್ಗದ ಜೋಡಿಯನ್ನು ಒಂದೇ ಪಂಜರಕ್ಕೆ ಹಾಕಿದರೆ ಒಂದು ಇನ್ನೊಂದನ್ನು ಗಾಯಗೊಳಿಸುತ್ತದೆ. ಆದ್ದರಿಂದ ಜಾಲರಿ ಅಡ್ಡ ಇಟ್ಟು, ಒಂದನ್ನೊಂದು ನೋಡಿಕೊಂಡು ಪಳಗಲು ಬಿಟ್ಟು, ನಂತರ ಸೇರಿಸುತ್ತಾರೆ.

ಹಾವಿನ ನೆಲಕ್ಕೆ ಮರಳುವುದೇಕೆ ಆಗುತ್ತಿಲ್ಲ

540 ಚದರ ಕಿ.ಮೀ. ಕಾಡು-ಊರು-ಸೇನಾನೆಲೆಯಲ್ಲಿ ಹಾವನ್ನು ಪೂರ್ತಿ ತೆಗೆಯುವುದು ಮೊಲ ಹೊಡೆದಂತಲ್ಲ. ಹಾವು ರಾತ್ರಿ ಮಾತ್ರ ಓಡಾಡುತ್ತದೆ, ಎಲೆಯ ನಡುವೆ ಕಣ್ಣಿಗೆ ಬೀಳದು, ತಿಂಗಳುಗಟ್ಟಲೆ ಉಪವಾಸ ಇರಬಲ್ಲದು, ಹಾಗಾಗಿ ಆಮಿಷಕ್ಕೂ ಬರಬೇಕೆಂದಿಲ್ಲ. ಬೋನುಗಳಲ್ಲಿ ಬದುಕಿರುವ ಸಣ್ಣ ಇಲಿಯನ್ನು ಹಾವಿಗೆ ಸಿಗದ ಒಳಗೂಡಿನಲ್ಲಿಟ್ಟು, ಒಳಕ್ಕೆ ಮಾತ್ರ ತೆರೆಯುವ ಬಾಗಿಲು ಇಡುತ್ತಾರೆ. ಬಂದರು ಮತ್ತು ವಿಮಾನ ನಿಲ್ದಾಣದ ಬೇಲಿಯುದ್ದಕ್ಕೂ ಇವು ಕೆಲಸಕ್ಕೆ ಬರುತ್ತವೆ, ಇಡೀ ಕಾಡಿಗೆ ಸಾಲವು.

ಪ್ಯಾರಾಸಿಟಮಾಲ್ ಒಂದು ದಾರಿ ತೋರಿಸಿತು. 80 ಮಿಲಿಗ್ರಾಂ, ಅಂದರೆ ಮಕ್ಕಳ ಗುಳಿಗೆಯಷ್ಟು ಪ್ರಮಾಣ, ಈ ಹಾವಿನ ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕೆಡಿಸಿ ಕೊಲ್ಲುತ್ತದೆ. ಸತ್ತ ಸಣ್ಣ ಇಲಿಯೊಳಗೆ ಅದನ್ನಿಟ್ಟು, ಕಾಗದದ ಪಟ್ಟಿ ಕಟ್ಟಿ, 2013ರಲ್ಲಿ ಹೆಲಿಕಾಪ್ಟರ್‌ನಿಂದ ಸುಮಾರು 2,000 ಇಲಿ ಎಸೆದರು. ಪಟ್ಟಿ ಏಕೆಂದರೆ ಆಮಿಷ ಮರದ ಕೊಂಬೆಗೆ ಸಿಕ್ಕಿಕೊಳ್ಳಬೇಕು. ನೆಲಕ್ಕೆ ಬಿದ್ದರೆ ಏಡಿ ತಿನ್ನುತ್ತದೆ, ಹಾವಿಗೆ ಸಿಗುವುದಿಲ್ಲ. ಸಂಖ್ಯೆ ತಗ್ಗಿಸಲು ಇದು ಒಳ್ಳೆಯ ಉಪಾಯ, ನಿರ್ಮೂಲಕ್ಕೆ ಅಲ್ಲ. ಹಲ್ಲಿಯಷ್ಟೇ ತಿನ್ನುವ ಎಳೆಯ ಹಾವು ಸತ್ತ ಇಲಿಯನ್ನು ಮುಟ್ಟುವುದಿಲ್ಲ, ಮುಂದಿನ ವರ್ಷಕ್ಕೆ ಅದೇ ದೊಡ್ಡದಾಗುತ್ತದೆ.

ಬೇಲಿಯೂ ಪ್ರಯೋಗವಾಯಿತು. ನುಣುಪಾದ ಗೋಡೆ, ಮೇಲೆ ಹೊರಚಾಚಿದ ಅಂಚು, ಬುಡ ಮಣ್ಣಿನೊಳಗೆ, ಎರಡೂ ಬದಿ ಗಿಡಬಳ್ಳಿ ಕಡಿದ ಪಟ್ಟಿ. ಹಾವಿಗೆ ಹಿಡಿತ ಸಿಗದಿರುವುದೇ ಇದರ ತತ್ವ. 1990ರ ದಶಕದ ಕೊನೆಗೆ ಉತ್ತರ ಗ್ವಾಮ್‌ನಲ್ಲಿ ಸುಮಾರು 24 ಹೆಕ್ಟೇರ್ ಕಾಡನ್ನು ಹೀಗೆ ಸುತ್ತುವರಿದು ರೇಲ್‌ಗಳನ್ನು ಬಿಟ್ಟರು. ಹಾವನ್ನು ತಡೆದದ್ದೇನೋ ಸರಿ, ಬೆಕ್ಕುಗಳು ಮುಗಿಸಿದವು. ಒಂದು ಶತ್ರುವಿಗೆ ಲೆಕ್ಕ ಹಾಕಿ ಕಟ್ಟಿದ ಬೇಲಿ ಇನ್ನೊಂದಕ್ಕೆ ಏಣಿಯಾಗುವುದು ಈ ಕೆಲಸದಲ್ಲಿ ಮಾಮೂಲು. ಜೊತೆಗೆ ಗ್ವಾಮ್ ಚಂಡಮಾರುತದ ದಾರಿಯಲ್ಲಿದೆ, ಒಂದು ಮರ ಬೇಲಿಯ ಮೇಲೆ ಒರಗಿದರೂ ಹಾವಿಗೆ ಸೇತುವೆ.

ರೋಟಾ ಮತ್ತು ಕೋಕೋಸ್

ಹಾಗಾಗಿ ಹಾವಿಲ್ಲದ ಬೇರೆ ದ್ವೀಪ ಹುಡುಕಿದರು. ಗ್ವಾಮ್‌ನ ಉತ್ತರಕ್ಕಿರುವ ಸುಮಾರು 85 ಚದರ ಕಿ.ಮೀ.ನ ರೋಟಾದಲ್ಲಿ 1989ರಿಂದ ಬಿಡುಗಡೆ ಶುರುವಾಯಿತು. ರೋಟಾ ಈ ಹಕ್ಕಿಯ ತವರಲ್ಲ. ಹಾವು ತಲುಪದ ಹತ್ತಿರದ ನೆಲ ಎಂಬುದಷ್ಟೇ ಅದರ ಅರ್ಹತೆ. ಮೊದಲ ವರ್ಷಗಳಲ್ಲಿ ಬಿಟ್ಟ ಹಕ್ಕಿಗಳಲ್ಲಿ ಹೆಚ್ಚಿನವು ಉಳಿಯಲಿಲ್ಲ. ಬೆಕ್ಕು ಹಿಡಿದವು, ವಾಹನಕ್ಕೆ ಸಿಕ್ಕವು, ಉಳಿದವು ದೂರ ದೂರ ಚದುರಿ ಸಂಗಾತಿಯೇ ಸಿಗದಂತಾದವು. ಚದುರುವುದು ಜಾಗಕ್ಕಾಗಿ ಜಗಳವಾಡುವ ಹಕ್ಕಿಯ ಸಹಜ ಗುಣ. ನಾಲ್ಕಾರನ್ನು ಆಗಾಗ ಬಿಡುವುದಕ್ಕಿಂತ ಒಂದೇ ಕಡೆ ಹೆಚ್ಚು ಹಕ್ಕಿ ಬಿಟ್ಟು, ಬಿಡುವ ಮೊದಲೇ ಸುತ್ತ ಬೆಕ್ಕು ಹಿಡಿಯುವುದು ಇದಕ್ಕೆ ಮದ್ದು.

ಗ್ವಾಮ್‌ನ ದಕ್ಷಿಣ ತುದಿಗೆ ಅಂಟಿದಂತಿರುವ ಕೋಕೋಸ್ ಸುಮಾರು 33 ಹೆಕ್ಟೇರ್‌ನ ಚಿಕ್ಕ ದ್ವೀಪ. ಮೊದಲು ಅಲ್ಲಿನ ಇಲಿಗಳನ್ನು ವಿಷದ ಆಮಿಷದಿಂದ ತೆಗೆದು, 2010ರಲ್ಲಿ 16 ರೇಲ್ ಬಿಟ್ಟರು. ಅವು ಬೇಗ ಮರಿ ಮಾಡಿದವು. 2019ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಗ್ವಾಮ್ ರೇಲ್ ಅನ್ನು ‘ಕಾಡಿನಲ್ಲಿ ಅಳಿದ’ ವರ್ಗದಿಂದ ‘ತೀವ್ರ ಅಪಾಯದಲ್ಲಿರುವ’ ವರ್ಗಕ್ಕೆ ತಂದಿತು. ಕ್ಯಾಲಿಫೋರ್ನಿಯಾ ಕಾಂಡೋರ್ ಬಿಟ್ಟರೆ ಹೀಗೆ ಮೇಲೆ ಬಂದ ಹಕ್ಕಿ ಆಗ ಇದೊಂದೇ. ಆಗಿನ ಅಂದಾಜು ರೋಟಾದಲ್ಲಿ 200ರಷ್ಟು, ಕೋಕೋಸ್‌ನಲ್ಲಿ 60ರಿಂದ 80. ಈ ಬದಲಾವಣೆಯನ್ನು ಗೆಲುವು ಎಂದು ಓದುವ ಮೊದಲು ಅದರ ಅರ್ಥ ನೋಡಬೇಕು: ಬಿಟ್ಟ ಹಕ್ಕಿಗಳು ಬಯಲಿನಲ್ಲೇ ಮರಿ ಮಾಡಿ, ಆ ಮರಿಗಳೂ ಮುಂದೆ ಮರಿ ಮಾಡುತ್ತಿವೆ ಎಂದಷ್ಟೇ. ಅಪಾಯ ತಪ್ಪಿತು ಎಂದಲ್ಲ.

2020ರಲ್ಲಿ ಕೋಕೋಸ್‌ನಲ್ಲಿ ಕಂದು ಮರಹಾವು ಕಂಡಿತು. ಒಂದಲ್ಲ, ಹುಡುಕಿದಂತೆಲ್ಲ ಸಿಕ್ಕವು. ಕಡಲಹಕ್ಕಿ ತಿಂದು ಕೊಬ್ಬಿದ ದೊಡ್ಡ ಹಾವುಗಳೂ ಇದ್ದವು. ಗ್ವಾಮ್‌ನಿಂದ ದೋಣಿಯಲ್ಲಿ ಜನ ಮತ್ತು ಸಾಮಾನು ಹೋಗಿ ಬರುವ ಜಾಗ ಅದು, ಮುಖ್ಯ ದ್ವೀಪದಿಂದ ಎರಡು ಕಿ.ಮೀ. ದೂರವೂ ಇಲ್ಲ. 1943ರ ಮಿಡ್‌ವೇ ಇಲ್ಲಿ ಮತ್ತೆ ಎದುರಾಗಿದೆ: ಕಾಯ್ದಿಟ್ಟ ನೆಲೆಗೇ ಶತ್ರು ಬಂದಿದೆ. ವ್ಯತ್ಯಾಸವಿರುವುದು ಮೂರು ಕಡೆ. ಹಾವಿನ ಮೇಲೆ ಕಣ್ಣಿಟ್ಟ ಜನ ಅಲ್ಲಿದ್ದರು, ಕಂಡ ಕೂಡಲೇ ಹಿಡಿಯುವ ಕೆಲಸ ಶುರುವಾಯಿತು. 33 ಹೆಕ್ಟೇರ್ ಚಿಕ್ಕದು, ಬೋನು ಮತ್ತು ರಾತ್ರಿ ಹುಡುಕಾಟದಿಂದ ನಿರ್ಮೂಲ ಸಾಧ್ಯವಿರುವ ಅಳತೆ. ಎಲ್ಲಕ್ಕಿಂತ ಮೇಲಾಗಿ ಕೋಕೋಸ್ ಪೂರ್ತಿ ಹೋದರೂ ರೋಟಾ ಉಂಟು, ಪಂಜರದ ಹಿಂಡು ಉಂಟು.

ಶತ್ರು ಮತ್ತು ಸಂತತಿ ಎರಡನ್ನೂ ಸರಿಯಾಗಿ ನೋಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಲಾರ್ಡ್ ಹೌ ದ್ವೀಪದ ವುಡ್‌ಹೆನ್ ಉದಾಹರಣೆ. ಅದೂ ಹಾರದ ರೇಲ್. 1970ರ ದಶಕದಲ್ಲಿ ಒಂದು ಬೆಟ್ಟದ ನೆತ್ತಿಯ ಸುತ್ತ ಇಪ್ಪತ್ತು-ಮೂವತ್ತು ಮಾತ್ರ ಉಳಿದಿದ್ದವು. 1980ರಲ್ಲಿ ಮೂರು ಜೋಡಿ ತಂದು ದ್ವೀಪದಲ್ಲೇ ಸಾಕಿ, ಕಾಡುಹಂದಿ ತೆಗೆದು, ಮರಿಗಳನ್ನು ಬಿಟ್ಟರು. ಸಂಖ್ಯೆ ಇನ್ನೂರರ ಆಸುಪಾಸಿಗೆ ಬಂದು ಬಹುಕಾಲ ಅಲ್ಲೇ ನಿಂತಿತ್ತು. 2019ರಲ್ಲಿ ಇಲಿ ನಿರ್ಮೂಲನೆ ನಡೆದ ಕೆಲವೇ ವರ್ಷಗಳಲ್ಲಿ ಸಾವಿರ ದಾಟಿತು. ದ್ವೀಪ ಹದಿನೈದು ಚದರ ಕಿ.ಮೀ.ಗೂ ಕಡಿಮೆ, ಶತ್ರುವೂ ತೆಗೆಯಬಲ್ಲಂಥದ್ದು. ಲೇಸನ್ ರೇಲ್‌ಗೆ ಸಿಗಬಹುದಾಗಿದ್ದದ್ದು ಈ ದಾರಿ.

ಗ್ವಾಮ್ ರೇಲ್‌ಗೆ ಸದ್ಯ ಆ ದಾರಿ ಮುಚ್ಚಿದೆ. ಅದರ ಉಳಿವು ನಿಂತಿರುವುದು ಸರಕು ತಪಾಸಣೆಯ ಮೇಲೆ. ಗ್ವಾಮ್‌ನಿಂದ ಹೊರಡುವ ವಿಮಾನ ಮತ್ತು ಹಡಗಿನ ಸರಕನ್ನು ಜ್ಯಾಕ್ ರಸೆಲ್ ಟೆರಿಯರ್ ಜಾತಿಯ ನಾಯಿಗಳು ಮೂಸಿ ನೋಡುತ್ತವೆ, ಹಾವು ನುಸುಳಬಲ್ಲ ಸಂದುಗಳಿರುವ ಕಟ್ಟಡ ಸಾಮಗ್ರಿ ಮತ್ತು ಯಂತ್ರಗಳ ಮೇಲೆ ಹೆಚ್ಚಿನ ನಿಗಾ. ರೋಟಾಕ್ಕೆ ಮೊಟ್ಟೆಯಿಡುವ ಒಂದು ಹೆಣ್ಣು ಹಾವು ತಲುಪಿದರೂ ಸಾಕು, 85 ಚದರ ಕಿ.ಮೀ.ನಲ್ಲಿ ಅದನ್ನು ಹುಡುಕುವುದು ಕೋಕೋಸ್‌ನಷ್ಟು ಸುಲಭವಲ್ಲ. ಆ ಕಾರಣಕ್ಕೇ ಪಂಜರದ ಹಿಂಡನ್ನು ಬಯಲಿನಲ್ಲಿ ಹಕ್ಕಿ ಹೆಚ್ಚಿದ ಮೇಲೂ ಮುಚ್ಚಿಲ್ಲ. ಅದೇ ಗ್ವಾಮ್‌ನ ಮಿಂಚುಳ್ಳಿ ಸಿಹೆಕ್ ಕೂಡ 1980ರ ದಶಕದಲ್ಲಿ ಹಿಡಿದ 29 ಹಕ್ಕಿಗಳಿಂದ ಪಂಜರದಲ್ಲೇ ಉಳಿದು ಬಂದದ್ದು. 2024ರಲ್ಲಿ ಅದರ ಒಂಬತ್ತು ಹಕ್ಕಿಗಳನ್ನು ಗ್ವಾಮ್‌ನಿಂದ ಬಹುದೂರದ, ಹಾವೂ ಇಲಿಯೂ ಇಲ್ಲದ ಪಾಲ್ಮೈರಾ ಹವಳದ್ವೀಪದಲ್ಲಿ ಬಿಟ್ಟರು. ಗ್ವಾಮ್‌ನ ನೆಲದಲ್ಲಿ ಇವೆರಡಕ್ಕೂ ಇನ್ನೂ ಜಾಗವಿಲ್ಲ.